ಕೆಸರಿಗೆ ಜಗ್ಗದ ಪೆಡಲ್

ಜಪಾನಿನ ಶಿಮಾನೊ 1990ರಲ್ಲಿ ಮೌಂಟನ್ ಬೈಕಿಗೆಂದು ಎಸ್‌ಪಿಡಿ ಪೆಡಲ್ ತಂದಿತು. ಅಂಗೈಯಷ್ಟಿನ ಆ ಲೋಹದ ತುಂಡಿನಲ್ಲಿ ಎಂಥ ಜಾಣ್ಮೆ! ಶೂ ಅಡಿಯ ಪುಟ್ಟ ಉಕ್ಕಿನ ಕ್ಲೀಟನ್ನು ಮುಂದೊತ್ತಿ ತುಳಿದರೆ ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಸಲೀಸಾಗಿ ಬಿಡುತ್ತದೆ. ಎರಡೂ ಮುಖದಲ್ಲಿ ಹಿಡಿತವಿರುವುದರಿಂದ ಸವಾರನ ಕಣ್ಣು ದಾರಿ ಬಿಟ್ಟು ಕದಲಬೇಕಿಲ್ಲ. ಕ್ಲೀಟ್ ಅಟ್ಟೆಯ ತಗ್ಗಿನೊಳಗೆ ಹುದುಗಿರುತ್ತದೆ. ಸೈಕಲ್ ಹೊತ್ತು ಬಂಡೆ ಹತ್ತುವಾಗ ಅದು ಕಾಲಿಗೆ ಅಡ್ಡಬರದು. ಸ್ಪ್ರಿಂಗಿನ ಬಿಗಿಯನ್ನು ಸಣ್ಣ ಅಲೆನ್ ಕೀಯಿಂದ ತನಗೊಪ್ಪುವಷ್ಟು ಹೊಂದಿಸಿಕೊಳ್ಳಬಹುದು.

ನನಗೆ ಅತಿ ಪ್ರಿಯವಾದದ್ದು ಈ ಎಸ್‌ಪಿಡಿ ಪೆಡಲ್‌ಗಳಲ್ಲಿ ಎಂ520 ಎಂಬ ಮಾದರಿಯ ಒಡಲು. ಅಲ್ಲಿ ಬಿಡಿ ಗುಂಡುಗಳ ಬೇರಿಂಗ್. ಕೆಸರು, ನೀರು ಹೊಕ್ಕರೆ ಬಿಚ್ಚಿ, ಒರೆಸಿ, ಹೊಸ ಗ್ರೀಸ್ ತುಂಬಿ ಬಿಗಿದರಾಯಿತು, ಮತ್ತೆ ನುಣ್ಣಗೆ ತಿರುಗುತ್ತದೆ. ಬಾಳಿಕೆ ಬಯಸಿ ಕೊಳ್ಳುವವರು ತೂಕಕ್ಕಿಂತ ಮೊದಲು ಈ ಗುಣವನ್ನೇ ನೋಡಬೇಕು.