ಸಂಕಲನಕಾರನ ಕತ್ತರಿ: ಶೂನ್ಯಸಂಪಾದನೆಯ ಸಿದ್ಧರಾಮ, ನಮ್ಮ ಸೋಲಾಪುರದ ಸಿದ್ಧರಾಮ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಹಲವರು ಆಡಿದ ಮಾತನ್ನು ಇನ್ನೊಬ್ಬರು ಜೋಡಿಸಿ, ತಿದ್ದಿ, ಬೇಡ ಅನ್ನಿಸಿದ್ದನ್ನು ತೆಗೆದು ಕೊಟ್ಟಾಗ ಏನು ಉಳೀತದೆ, ಏನು ಹೋಗ್ತದೆ? ಈ ಪ್ರಶ್ನೆಗೆ ಕನ್ನಡದಲ್ಲಿ ಶೂನ್ಯಸಂಪಾದನೆಗಿಂತ ಒಳ್ಳೆಯ ಪಠ್ಯ ನನಗೆ ಕಂಡಿಲ್ಲ. ಅದರಲ್ಲೂ ಸಿದ್ಧರಾಮನ ಪ್ರಸಂಗ. ಉಮರ್ಗಾ, ನಿಲಂಗಾ, ಉದಗೀರದ ನಮಗೆ ಅವನು ದೂರದವನಲ್ಲ. ಸೊನ್ನಲಿಗೆಯಿಂದ, ಅಂದರೆ ಸೋಲಾಪುರದಿಂದ, ಇವತ್ತು ಕಲ್ಯಾಣಕ್ಕೆ ಹೊರಟರೆ ಹೆದ್ದಾರಿ ಉಮರ್ಗಾ ಹಾದೇ ಹೋಗ್ತದೆ. ನಿಲಂಗಾ, ಉದಗೀರ ತಾಲೂಕುಗಳಂತೂ 1956ರ ತನಕ ಬೀದರ್ ಜಿಲ್ಲೆಯಲ್ಲೇ ಇದ್ದವು.

ಮೊದಲು ಲಾಭದ ಮಾತು. ಬಿಡಿ ವಚನ ಕೈಗೆ ಸಿಕ್ಕರೆ ಅದರಲ್ಲಿ ಅಂಕಿತ ಇರ್ತದೆ. ‘ಗುಹೇಶ್ವರ’ ಅಂದರೆ ಅಲ್ಲಮ, ‘ಕಪಿಲಸಿದ್ಧಮಲ್ಲಿಕಾರ್ಜುನ’ ಅಂದರೆ ಸಿದ್ಧರಾಮ. ಯಾರು ಹೇಳಿದ್ದು ಎಂಬುದು ಗೊತ್ತಾಯಿತು. ಯಾರಿಗೆ, ಯಾವ ಮಾತಿಗೆ ಉತ್ತರವಾಗಿ ಹೇಳಿದ್ದು? ಅದನ್ನು ಅಂಕಿತ ಹೇಳೋದಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಆ ಕೆಲಸಕ್ಕೆ ಕೈ ಹಾಕಿದ. ವಚನಗಳನ್ನು ಎದುರುಬದುರು ಕೂರಿಸಿ, ನಡುನಡುವೆ ತನ್ನ ಗದ್ಯದ ಹೊಲಿಗೆ ಹಾಕಿದ. ಅಲ್ಲಮನ ಎಷ್ಟೋ ಬೆಡಗಿನ ಮಾತು ನಮಗೆ ಅಷ್ಟಿಷ್ಟು ತಿಳಿಯೋದು ಎದುರಿಗೆ ಇನ್ನೊಬ್ಬ ಶರಣ ನಿಂತಿರೋದರಿಂದ. ಇದು ಸಣ್ಣ ಉಪಕಾರ ಅಲ್ಲ. (ಈಗ ಮೊಬೈಲಿಗೆ ಬರುವ ಎಷ್ಟೋ ವಚನಗಳಿಗೆ ಅಂಕಿತವೇ ಇರಲ್ಲ. ಅದು ಸಂಕಲನವಲ್ಲ, ಬರೀ ಕತ್ತರಿ.)

ಆದರೆ ಆ ಹೊಲಿಗೆ ಹನ್ನೆರಡನೆಯ ಶತಮಾನದ್ದಲ್ಲ. ಎರಡು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಒಬ್ಬ ಓದುಗ ಮಾಡಿದ ಊಹೆ. ನಾವು ಮಾತ್ರ ಅದನ್ನು ಸಭೆಯ ನಡಾವಳಿ ಅಂತ ಉದ್ಧರಿಸ್ತೀವಿ. ನನ್ನ ತಕರಾರು ಶುರುವಾಗೋದೇ ಇಲ್ಲಿ.

ಸಿದ್ಧರಾಮನ ಪ್ರಸಂಗ ನೋಡಿ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸ್ತಾ ಇದ್ದಾನೆ. ಅಲ್ಲಮ ಬಂದು ‘ಒಡ್ಡರಾಮ’ ಅಂತ ಕೆಣಕ್ತಾನೆ, ಕೆಲಸದವರು ರೇಗಿ ಕಲ್ಲು ಎತ್ತುತ್ತಾರೆ. ಕೆರೆ, ಗುಡಿ, ಸ್ಥಾವರ ಒಂದು ಕಡೆ. ಒಳಗಿನ ಅರಿವು ಇನ್ನೊಂದು ಕಡೆ. ಜಗಳ ನಿಜವಾದದ್ದು. ಆಮೇಲೆ ಇಬ್ಬರೂ ಕಲ್ಯಾಣಕ್ಕೆ ಹೋಗ್ತಾರೆ. ಮಹಾದೇವಯ್ಯನ ಸಂಕಲನದಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಗೋದಿಲ್ಲ. ದೀಕ್ಷೆ ಇಲ್ಲದೆಯೇ ಅವನು ಆ ಕೂಟದವನು. ನಂತರದವರಿಗೆ ಇದು ನುಂಗಲಾರದ ತುತ್ತಾಯಿತು. ಗೂಳೂರು ಸಿದ್ಧವೀರಣ್ಣನ ಪರಿಷ್ಕರಣದ ಹೊತ್ತಿಗೆ ಚೆನ್ನಬಸವಣ್ಣನಿಂದ ಅವನಿಗೆ ದೀಕ್ಷೆ ಆಗಿರ್ತದೆ. ವಚನ ಕಡಿಮೆಯಾಗಲಿಲ್ಲ, ಹೆಚ್ಚೇ ಆದವು. ಆದರೂ ಒಂದು ಮಾಹಿತಿ ಹೋಯಿತು: ಒಪ್ಪದವನೊಬ್ಬ ಒಪ್ಪದೆಯೇ ಒಳಗೆ ಇರಬಹುದಾಗಿತ್ತು ಎಂಬುದು. ತೆಗೆದು ಹಾಕಿದ್ದನ್ನಾದರೂ ಹುಡುಕಬಹುದು. ಸೇರಿಸಿ ಮುಚ್ಚಿದ್ದು ಕಣ್ಣಿಗೇ ಬೀಳೋದಿಲ್ಲ.

ಈ ಬದಲಾವಣೆ ನಮಗೆ ಗೊತ್ತಾಗಿದ್ದು ಹಳೆಯ ಸಂಕಲನವೂ ಉಳಿದದ್ದರಿಂದ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಒಬ್ಬರಾದ ಮೇಲೊಬ್ಬರು ತಿದ್ದಿದರು; ಹಿಂದಿನವರ ಓಲೆ ಮಾತ್ರ ಪೂರ್ತಿ ಅಳಿಯಲಿಲ್ಲ. ಆದರೆ 1965ರಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು ಗೂಳೂರು ಪಾಠವನ್ನು. ಹೊರಗಿನ ಓದುಗರಿಗೆ ಸಿಕ್ಕ ಸಿದ್ಧರಾಮ ದೀಕ್ಷೆಯಾದ ಸಿದ್ಧರಾಮ.

ಇನ್ನು ನಮ್ಮ ಕಡೆಯ ಸಾಕ್ಷಿ. ಸಂಕ್ರಾಂತಿಗೆ ಸೋಲಾಪುರದ ಗಡ್ಡಾ ಜಾತ್ರೆಗೆ ಈ ಭಾಗದ ಜನ ಹೋಗ್ತಾರೆ. ನಂದಿಧ್ವಜಗಳು ಊರ ಸುತ್ತ ಸಿದ್ಧರಾಮ ಸ್ಥಾಪಿಸಿದ ಅಂತ ನಂಬುವ 68 ಲಿಂಗಗಳ ದರ್ಶನಕ್ಕೆ ಹೊರಡ್ತವೆ. ಅವನ ಯೋಗದಂಡಕ್ಕೂ ಕುಂಬಾರರ ಹುಡುಗಿಗೂ ಆದ ಮದುವೆಯನ್ನು ಮತ್ತೆ ಆಚರಿಸ್ತಾರೆ. ಗುಡಿ ಇರೋದು ಕೆರೆಯ ನಡುವೆ. ಅಲ್ಲಮ ಯಾವುದನ್ನು ಹಂಗಿಸಿದನೋ, ಕೊನೆಯ ಸಂಕಲನಕಾರ ಯಾವುದನ್ನು ದೀಕ್ಷೆಯಿಂದ ದಾಟಿಸಿದನೋ, ಅದನ್ನೇ ಜಾತ್ರೆ ಬಿಗಿಯಾಗಿ ಹಿಡ್ಕೊಂಡಿದೆ. ಜಾತ್ರೆಯನ್ನು ‘ಜಾನಪದ’ ಅಂತ ಬೇರೆ ವಿಭಾಗಕ್ಕೆ ತಳ್ಳುವುದು ನಮ್ಮ ಸಂಶೋಧನೆಯ ಕೆಟ್ಟ ಚಾಳಿ ಅಂತ ನನಗನ್ನಿಸ್ತದೆ. ಜಾತ್ರೆಯೂ ತನಗೆ ಬೇಕಾದ್ದನ್ನೇ ಆರಿಸಿಕೊಂಡಿದೆ, ಸರಿ. ಅಲ್ಲಮನ ಪ್ರಶ್ನೆ ಅಲ್ಲಿ ಕೇಳಿಸೋದಿಲ್ಲ. ಹಾಗಂತ ಒಂದರ ಎದುರು ಇನ್ನೊಂದನ್ನು ಇಟ್ಟು ಓದದೇ ಇರೋಕೆ ಅದು ಕಾರಣ ಆಗೋದಿಲ್ಲ.

(ಚರ್ಚೆಯಲ್ಲಿ ಅಧ್ಯಾಪಕರೊಬ್ಬರು ಕೇಳಿದರು: “ಸಂಕಲನಕಾರ ತನ್ನ ಧರ್ಮಕ್ಕೆ ಪಠ್ಯ ಕಟ್ಟುತ್ತಿದ್ದ. ಅದು ಅವನ ಹಕ್ಕಲ್ಲವೇ?”)

ಹೌದು ಸರ್, ಅವನ ಹಕ್ಕೇ. ಅವನು ಸಂಶೋಧಕನಲ್ಲ, ಭಕ್ತ. ನನ್ನ ಆಕ್ಷೇಪ ಇರೋದು ನಮ್ಮ ಮೇಲೆ. ತರಗತಿಯಲ್ಲಿ ಒಂದೇ ಪಾಠ ಇಟ್ಟು ‘ಶೂನ್ಯಸಂಪಾದನೆ ಹೀಗೆ ಹೇಳ್ತದೆ’ ಅಂತೀವಲ್ಲ, ಯಾವ ಶೂನ್ಯಸಂಪಾದನೆ ಅಂತ ಕೇಳೋದಿಲ್ಲ. ಮುಂದಿನ ಸಲಕ್ಕೆ ಮಹಾದೇವಯ್ಯನ ಮತ್ತು ಗೂಳೂರಿನ ಸಿದ್ಧರಾಮ ಭಾಗ ಎರಡನ್ನೂ ಎಲ್ಲರೂ ಓದ್ಕೊಂಡು ಬಂದರೆ, ಹೊಲಿಗೆ ಎಲ್ಲೆಲ್ಲಿ ಬಿದ್ದಿದೆ ಅಂತ ಸಾಲು ಹಿಡಿದು ನೋಡೋಣ.