ನಳಿಕೆ ಪಳಗುವ ಬಗೆ
ಗುರಿಸ್ಪರ್ಧೆಯ ರೈಫಲ್ಲಿಗೆ ಹೊಸ ನಳಿಕೆ ಜೋಡಿಸಿದಾಗ, ಗುಂಡು ಒಳಗಿನ ಸುರುಳಿಗೆರೆಗಳನ್ನು ಮೊದಲು ಸೇರುವ ಭಾಗದಲ್ಲಿ, ಅಂದರೆ ನಳಿಕೆಯ ಗಂಟಲಿನಲ್ಲಿ, ಕೊರೆಯುವ ಉಪಕರಣ ಬಿಟ್ಟುಹೋದ ಅತಿಸೂಕ್ಷ್ಮ ಅಡ್ಡಗೀರುಗಳು ಉಳಿದಿದ್ದು, ಅವು ಹಾದುಹೋಗುವ ಗುಂಡಿನ ತಾಮ್ರದ ಹೊದಿಕೆಯನ್ನು ಕೆರೆಯುತ್ತವೆ. ಹೀಗೆ ನಳಿಕೆಯೊಳಗೆ ಅಂಟಿದ ತಾಮ್ರವನ್ನು ಮೊದಲ ಕೆಲವು ಸುತ್ತುಗಳಲ್ಲಿ ಪ್ರತಿ ಗುಂಡಿನ ಬಳಿಕವೂ ತೆಗೆದು, ಬರಿಯ ಉಕ್ಕಿನ ಮೇಲೆ ಮುಂದಿನ ಗುಂಡೇ ಆ ಗೀರುಗಳನ್ನು ಸವೆಸುವಂತೆ ಬಿಡುವ ಕ್ರಮವೇ ಪಳಗಿಸುವಿಕೆ. ಅಮೋನಿಯಾ ಬೆರೆತ ದ್ರಾವಕದಲ್ಲಿ ಅದ್ದಿದ ಬಟ್ಟೆಯ ಚೂರು ಮೊದಮೊದಲು ಕಡುನೀಲಿಯಾಗಿ ಹೊರಬಂದು, ಗುಂಡಿನಿಂದ ಗುಂಡಿಗೆ ತಿಳಿಯಾಗುತ್ತ ಹೋಗುವುದನ್ನು ಕಾಣುವುದರಲ್ಲೇ ಈ ಕೆಲಸದ ಸೊಗಸಿದೆ. ಒಳಮೈಯನ್ನು ಕೈಯಿಂದ ಉಜ್ಜಿ ನಯಗೊಳಿಸಿದ ನಳಿಕೆ ಬೇಗ ಪಳಗುತ್ತದೆ. ಇದೆಲ್ಲ ಅನಗತ್ಯವೆನ್ನುವ ತಯಾರಕರೂ ಇದ್ದಾರೆ. ಆದರೂ ಉಕ್ಕಿನ ಸ್ವಭಾವವನ್ನು ಇಷ್ಟು ಹತ್ತಿರದಿಂದ ಪರಿಚಯಿಸುವ ಈ ತಾಳ್ಮೆಯ ಕೆಲಸ ಮನ್ನಣೆಗೆ ಅರ್ಹವಾದದ್ದು.