ಕಿವಿಗೆ ಉಳಿದ ಭಾಷೆ: ವಂಶಕಥನದ ಕಾದಂಬರಿ ಮತ್ತು ವಲಸೆಯ ಓದುಗರ ಅಕ್ಕರೆ

ಏಮಿ ಟ್ಯಾನ್ ಅವರ ‘ದ ಜಾಯ್ ಲಕ್ ಕ್ಲಬ್’ ಕಾದಂಬರಿ 1989ರಲ್ಲಿ ಪ್ರಕಟವಾದಾಗ ಅಮೆರಿಕದ ಓದುಗರು ಅದನ್ನು ಬರಮಾಡಿಕೊಂಡ ರೀತಿ ವಿಮರ್ಶಕರನ್ನು ಪೇಚಿಗೆ ಸಿಲುಕಿಸಿತು. ಚೀನೀ ಮೂಲದ ಕುಟುಂಬದವರು ಮಾತ್ರವಲ್ಲ, ಆ ಮೂಲದ ಸೋಂಕೇ ಇಲ್ಲದವರೂ ಅದನ್ನು ತಮ್ಮ ಮನೆಯ ಕಥೆಯೆಂಬಂತೆ ಓದಿದರು. ಇಂಥ ಅಕ್ಕರೆಯನ್ನು ಜನಪ್ರಿಯತೆಯ ಖಾತೆಗೆ ಜಮಾ ಮಾಡಿ ಮುಂದೆ ಸಾಗುವುದು ವಿಮರ್ಶೆಯ ಹಳೆಯ ಅಭ್ಯಾಸ. ನಮ್ಮಲ್ಲಿ ನವ್ಯದ ಕಾಲಕ್ಕಂತೂ ಬಹಳ ಜನ ಓದಿದರೆಂಬುದೇ ಕೃತಿಯೊಂದರ ಮೇಲಣ ಗುಮಾನಿಗೆ ಸಾಕಾಗುತ್ತಿತ್ತು. ಪ್ರಸ್ತುತ ಲೇಖನದ ಆಸಕ್ತಿ ಬೇರೆ. ವಂಶ ಹಾಗೂ ಪರಂಪರೆಗಳನ್ನು ವಸ್ತುವಾಗಿ ಉಳ್ಳ ಕಾದಂಬರಿಯನ್ನು ಗಾಢವಾಗಿ ಪ್ರೀತಿಸುವವರಲ್ಲಿ ಒಂದು ವರ್ಗ, ಆ ಪರಂಪರೆಯ ಭಾಷೆಯನ್ನು ಕಿವಿಯಲ್ಲಿ ಉಳಿಸಿಕೊಂಡು ಕಣ್ಣಿನಿಂದ ಕಳೆದುಕೊಂಡವರದು. ಅವರ ಓದಿನ ಸ್ವರೂಪವನ್ನು ಪುಣೆಯ ಕನ್ನಡ ಮೂಲದ ಓದುಗರ ನೆಲೆಯಿಂದ ಪರಿಶೀಲಿಸಲು ಇಲ್ಲಿ ಯತ್ನಿಸಲಾಗಿದೆ.

ಟ್ಯಾನ್ ಅವರ ಕೃತಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದ ನಾಲ್ವರು ತಾಯಂದಿರೂ ಅವರ ನಾಲ್ವರು ಹೆಣ್ಣುಮಕ್ಕಳೂ ಇದ್ದಾರೆ. ಅವರಲ್ಲಿ ಸೂಯುವಾನ್ ಎಂಬ ತಾಯಿ ಕಥೆಯ ಆರಂಭಕ್ಕೆ ಮೊದಲೇ ತೀರಿಕೊಂಡಿದ್ದಾಳೆ. ಯುದ್ಧಕಾಲದಲ್ಲಿ ಗ್ವೇಲಿನ್ ನಗರದಿಂದ ಓಡಿಹೋಗುವಾಗ ಆಕೆ ದಾರಿಯಲ್ಲಿ ಬಿಟ್ಟುಹೋದ ಅವಳಿ ಹೆಣ್ಣುಮಕ್ಕಳು ಬದುಕಿದ್ದಾರೆಂದು ತಿಳಿದಾಗ, ಅವರಿಗೆ ತಾಯಿಯ ಕಥೆ ಹೇಳಬೇಕಾದ ಹೊಣೆ ಅಮೆರಿಕದಲ್ಲಿ ಹುಟ್ಟಿದ ಮಗಳು ಜೂನಳ ಮೇಲೆ ಬೀಳುತ್ತದೆ. ತಾಯಿಯ ಬಗ್ಗೆ ತನಗೆ ಏನು ತಾನೇ ಗೊತ್ತು ಎಂದು ಆಕೆ ಅಳುಕಿದಾಗ ಉಳಿದ ಮೂವರು ತಾಯಂದಿರು ಬೆಚ್ಚುತ್ತಾರೆ. ತಮ್ಮ ಮಕ್ಕಳೂ ನಾಳೆ ಹೀಗೆಯೇ ಹೇಳಿಯಾರೆಂಬುದು ಅವರ ಭಯ. ಕಾದಂಬರಿಯ ಜೀವ ಈ ಭಯದಲ್ಲಿದೆ. ತಾಯಂದಿರು ಚೀನೀ ಭಾಷೆಯಲ್ಲಿ ಆಡುತ್ತಾರೆ, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ತಾನು ಬರೆಯುವಾಗ ಮನಸ್ಸಿನಲ್ಲಿಟ್ಟುಕೊಂಡ ಓದುಗಳು ತನ್ನ ತಾಯಿಯೇ ಎಂದು ಲೇಖಕಿ 1990ರ ಪ್ರಬಂಧವೊಂದರಲ್ಲಿ ಹೇಳಿಕೊಂಡಿರುವುದು ಇಲ್ಲಿ ಗಮನಾರ್ಹ.

ಈ ಪ್ರೀತಿಗೆ ಪ್ರತಿರೋಧವೂ ಬಂದಿತು. ಲೇಖಕ ಫ್ರ್ಯಾಂಕ್ ಚಿನ್ 1991ರಲ್ಲಿ ಟ್ಯಾನ್ ಮೊದಲಾದವರು ಚೀನೀ ಪರಂಪರೆಯನ್ನು ನಕಲಿಗೊಳಿಸಿದರೆಂದು ಕಟುವಾಗಿ ಆಪಾದಿಸಿದರು. ಅದಕ್ಕಿಂತ ಸೂಕ್ಷ್ಮವಾದುದು ಸಾವ್-ಲಿಂಗ್ ವಾಂಗ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನ. ಟ್ಯಾನ್ ಅವರ ಎರಡನೆಯ ಕಾದಂಬರಿಯಲ್ಲಿ ‘ತಾಂಗ್ ಜಿಯೆ’ ಎಂಬ ಸಂಬಂಧವಾಚಕಕ್ಕೆ ‘ಸಕ್ಕರೆಯ ಅಕ್ಕ’ ಎಂಬ ಅರ್ಥ ಹೇಳಲಾಗಿದೆ. ವಾಸ್ತವವಾಗಿ ಅದು ತಂದೆಯ ಕಡೆಯ ದಾಯಾದಿ ಅಕ್ಕನನ್ನು ಸೂಚಿಸುವ ಪದ. ಸಕ್ಕರೆ ಎಂಬರ್ಥದ ‘ತಾಂಗ್’ಗೂ ಇದಕ್ಕೂ ಉಚ್ಚಾರ ಒಂದೇ, ಲಿಪಿಚಿಹ್ನೆ ಬೇರೆ. ವಾಂಗ್ ಅವರಿಗೆ ಇದು ಓದುಗರ ಮೋಹದ ಬೇರನ್ನು ತೋರಿಸುವ ಸಾಕ್ಷ್ಯ. ನನಗಾದರೋ ಇದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಇದು ಭಾಷೆಯನ್ನು ಕೇಳಿ ಬಲ್ಲ, ಓದಿ ಅರಿಯದ ವಾರಸುದಾರರಿಗೆ ಮಾತ್ರ ಸಾಧ್ಯವಾಗುವ ತಪ್ಪು. ಹಾಗಾಗಿಯೇ ಅದು ನಕಲಿಯಲ್ಲ.

ಈ ಬಗೆಯ ವಾರಸುದಾರಿಕೆಯನ್ನು ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿರದಿಂದ ನೋಡಬಹುದು. ಈ ಸಗಟು ಪೇಟೆಯಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಸೀಮೆಗಳ ಕನ್ನಡ ಕಿವಿಗೆ ಬೀಳುತ್ತದೆ. ದರ ಕೇಳಲು, ಹೊರೆ ಇಳಿಸಲು, ಬಯ್ಯಲು ಅದು ಒದಗುತ್ತದೆ; ಹಿಶೇಬಿನ ಪಟ್ಟಿಗೆ ಏರುವುದಿಲ್ಲ. (ಮಾವಿನ ಸುಗ್ಗಿಯಲ್ಲಿ ಕರ್ನಾಟಕದ ಆಪೂಸಿಗೂ ಕೊಂಕಣದ ಆಪೂಸಿಗೂ ಇಲ್ಲಿ ನಡೆಯುವ ಅಸಲಿ-ನಕಲಿ ವಾದ ಚಿನ್ ಅವರ ಪ್ರಬಂಧವನ್ನು ನೆನಪಿಸುತ್ತದೆ. ಕೊಂಕಣದ ಹಣ್ಣಿಗೆ 2018ರಲ್ಲಿ ಭೌಗೋಳಿಕ ಸೂಚಕ ದೊರೆತ ಮೇಲೆ ವಾದ ಬಲಿಯಿತು. ಕಸಿಯ ಕುಲ ಒಂದೇ, ಬೇರು ಬಿಟ್ಟ ಮಣ್ಣು ಮಾತ್ರ ಬೇರೆ.) ಪೇಟೆಯ ಆಸುಪಾಸಿನಲ್ಲಿ ನೆಲೆಸಿದ ಕನ್ನಡ ಮನೆಗಳ ಮೂರನೆಯ ತಲೆಮಾರು ಮರಾಠಿಯಲ್ಲಿ ಓದಿ ಬೆಳೆದಿದೆ. ಅಲ್ಲಿನ ಸಂಬಂಧವಾಚಕಗಳ ಸ್ಥಿತಿ ‘ತಾಂಗ್ ಜಿಯೆ’ಯದಕ್ಕಿಂತ ಬಹಳ ದೂರವೇನಿಲ್ಲ. ಉತ್ತರ ಕರ್ನಾಟಕದ ‘ಆಯಿ’ ಅಜ್ಜಿ, ಮರಾಠಿಯ ‘ಆಈ’ ತಾಯಿ. ನಮ್ಮ ‘ತಾಯಿ’ ಹೆತ್ತವಳು, ಅವರ ‘ತಾಈ’ ಅಕ್ಕ. ಒಂದೇ ಕರೆಗೆ ಎರಡು ತಲೆಮಾರಿನ ಹೆಂಗಸರು ಓಗೊಡುವ ಮನೆಯಲ್ಲಿ ವಂಶವೃಕ್ಷದ ಕೊಂಬೆಗಳು ಕೊಂಚ ಸ್ಥಾನಪಲ್ಲಟಗೊಂಡಿರುವುದು ಸಹಜ.

ಇಂಥ ಮನೆಗಳಲ್ಲಿ ನಾನು ಕಂಡ ಪುಸ್ತಕ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965); ಅದೂ ಮರಾಠಿಯಲ್ಲಿ. ಉಮಾ ಕುಲಕರ್ಣಿಯವರ ಈ ಅನುವಾದಕ್ಕೆ 1989ರ ಸಾಹಿತ್ಯ ಅಕಾಡೆಮಿಯ ಅನುವಾದ ಪುರಸ್ಕಾರ ಸಂದಿದೆ. ಪುಣೆಯಲ್ಲಿ ನೆಲೆಸಿದ ಈ ಅನುವಾದಕಿಯ ಕ್ರಮ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪಠ್ಯವನ್ನು ಓದಿ ಕೇಳಿಸುವುದು, ಅವರು ಕೇಳಿ ಮರಾಠಿಯಲ್ಲಿ ಬರೆಯುವುದು. ಅಂದರೆ ಮರಾಠಿಯ ‘ವಂಶವೃಕ್ಷ’ವು ಕನ್ನಡದ ಪುಟದಿಂದ ನೇರವಾಗಿ ಹುಟ್ಟದೆ ಕನ್ನಡದ ದನಿಯಿಂದ ಹುಟ್ಟಿದ ಕೃತಿ. ಗಮಕಿಯ ವಾಚನವನ್ನು ಕೇಳಿ ಭಾರತವನ್ನು ತಮ್ಮದಾಗಿಸಿಕೊಂಡ ನಾಡಿಗೆ ಇದೇನೂ ಅಪರಿಚಿತ ಮಾರ್ಗವಲ್ಲ. ಅನುವಾದ ಮೂಲಕ್ಕೆ ಎಷ್ಟು ನಿಷ್ಠ ಎಂಬ ಮಾಮೂಲು ಪ್ರಶ್ನೆಗಿಂತ, ಓದುಗರ ಸ್ಥಿತಿಯೂ ಅನುವಾದದ ಕ್ರಮವೂ ಹೀಗೆ ಒಂದನ್ನೊಂದು ಹೋಲುವುದೇ ಹೆಚ್ಚು ವಿಚಾರಾರ್ಹ ಎನ್ನಬೇಕು.

ಆದರೆ ಆ ಓದುಗರು ಪ್ರೀತಿಸುವುದು ಏನನ್ನು? ಮಾತಿಗೆ ಎಳೆದಾಗ ಅವರೆಲ್ಲ ನೆನೆಯುವುದು ನಂಜನಗೂಡಿನ ಶ್ರೋತ್ರಿಯರ ಮನೆಯನ್ನು, ಕಪಿಲೆಯನ್ನು, ಶ್ರೀನಿವಾಸ ಶ್ರೋತ್ರಿಯರ ಧೀರ ಗಾಂಭೀರ್ಯವನ್ನು. ಊರು ಬಿಟ್ಟ ಕುಟುಂಬಕ್ಕೆ ಅಲ್ಲಿ ಬಿಡದೆ ಉಳಿದ ಒಂದು ಮನೆ ಸಿಗುತ್ತದೆ. ಕಾದಂಬರಿ ಮಾತ್ರ ಆ ಮನೆಯನ್ನು ಹಾಗೆಯೇ ಉಳಿಸುವುದಿಲ್ಲ. ಮಗ ಹೊಳೆಯ ಪಾಲಾಗುತ್ತಾನೆ. ವಿಧವೆ ಸೊಸೆ ಕಾತ್ಯಾಯನಿ ಮರುಮದುವೆಯಾಗಿ ಹೋಗುತ್ತಾಳೆ, ಅವಳ ಮಗ ಚೀನಿ ವಂಶದ ಹೆಸರಿನಲ್ಲಿ ಅಜ್ಜನ ಬಳಿಯೇ ಉಳಿಯುತ್ತಾನೆ. ಕಡೆಗೆ, ಯಾವ ವಂಶದ ಶುದ್ಧಿಗಾಗಿ ಇಷ್ಟೆಲ್ಲವನ್ನೂ ಸಹಿಸಿದರೋ ಆ ವಂಶಕ್ಕೆ ತಾವೇ ರಕ್ತದಿಂದ ಸೇರಿದವರಲ್ಲವೆಂದು ಶ್ರೋತ್ರಿಯರಿಗೆ ಮುಪ್ಪಿನಲ್ಲಿ ತಿಳಿಯುತ್ತದೆ. ಪರಂಪರೆಯ ಪರವಾದ ಕೃತಿಯೆಂದು ಇದನ್ನು ಹೊಗಳುವವರೂ ತೆಗಳುವವರೂ ಈ ಘಟ್ಟವನ್ನು ಕಥಾಸಂವಿಧಾನದ ತಿರುವೆಂದು ಹಗುರಾಗಿ ದಾಟಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಕೃತಿ ನಿಂತಿರುವುದೇ ಅದರ ಮೇಲೆ. ಆ ಅರಿವಿನ ನಂತರ ಶ್ರೋತ್ರಿಯರು ನಡೆದುಕೊಳ್ಳುವ ರೀತಿಯಿಂದಲೇ ಅವರು ಆ ಪರಂಪರೆಗೆ ಸಲ್ಲುತ್ತಾರೆ. ಹುಟ್ಟಿನಿಂದ ಬಂದ ಹಕ್ಕು ಅವರಿಗೆ ಇರಲೇ ಇಲ್ಲ. ಆದರೆ ಅದೇ ಪರಂಪರೆ ಕಾತ್ಯಾಯನಿಯನ್ನು ಬಲಿ ತೆಗೆದುಕೊಂಡದ್ದನ್ನು ಕಾದಂಬರಿ ತೋರಿಸುತ್ತದೆಯೇ ಹೊರತು ಅದರ ಲೆಕ್ಕವನ್ನು ತೀರಿಸುವುದಿಲ್ಲ. ಮೂರು ಬಾರಿ ಗರ್ಭ ನಿಲ್ಲದೆ ಆಕೆ ಸವೆಯುವುದು ದೈವದಂಡನೆಯೋ ಆಕೆಯೇ ಒಳಗೆ ಹೊತ್ತ ಪಾಪಪ್ರಜ್ಞೆಯೋ ಎಂಬಲ್ಲಿ ನಿರೂಪಣೆಯ ತಕ್ಕಡಿ ಒಂದು ಕಡೆಗೆ ವಾಲಿದೆಯೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ.

ಮರಾಠಿ ನೆಲದಲ್ಲಿ ಕನ್ನಡದ ಪರಂಪರೆ ಎಂದೊಡನೆ ‘ಕವಿರಾಜಮಾರ್ಗ’ದ ಗೋದಾವರಿಯ ಮಾತನ್ನು ಎತ್ತುವುದು ನಮ್ಮ ಸಭೆಗಳ ರೂಢಿ. ಅದರಿಂದ ಚಪ್ಪಾಳೆಯ ಹೊರತು ಬೇರೇನೂ ಸಿದ್ಧಿಸದು. ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಕುರ್ಕ್ಯಾಲ ಶಾಸನ ಹೆಚ್ಚು ಉಪಯುಕ್ತ ಸಾಕ್ಷ್ಯ. ಇಂದಿನ ತೆಲಂಗಾಣದ ಗುಡ್ಡವೊಂದರ ಬಂಡೆಯ ಮೇಲಿರುವ, 10ನೆಯ ಶತಮಾನದ ಈ ಬರಹ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇದ್ದು, ತನ್ನ ಮನೆತನವನ್ನು ಹೇಳಿಕೊಳ್ಳುತ್ತದೆ. ವೇಂಗಿ ನಾಡಿನ ತಂದೆಯ ಕುಲ, ಅಣ್ಣಿಗೇರಿಯ ನಂಟಿನ ತಾಯಿ ಅಬ್ಬಣಬ್ಬೆ, ವೈದಿಕ ಕುಲದಲ್ಲಿ ಹುಟ್ಟಿ ಜೈನನಾದ ತಂದೆ ಭೀಮಪಯ್ಯ: ಸ್ಥಳ, ಭಾಷೆ, ಧರ್ಮ ಮೂರೂ ಕಡೆ ಕವಲೊಡೆದ ವಂಶವಿದು. ಪಂಪನೂ ತನ್ನ ಕಾವ್ಯದಲ್ಲಿ ಈ ಕವಲನ್ನು ಮರೆಮಾಚುವುದಿಲ್ಲ. ಪೂರ್ವಜ ಮಾಧವಸೋಮಯಾಜಿಯ ಯಜ್ಞಗಳನ್ನು ಆತ ಮೆಚ್ಚಿ ನೆನೆಯುವುದಿಲ್ಲ. ಆದಿಕವಿಯ ವಂಶಕಥನದಲ್ಲೇ ಮುರಿತ ಇರುವಾಗ, ಮರಾಠಿಯಲ್ಲಿ ‘ವಂಶವೃಕ್ಷ’ ಓದುವ ಕನ್ನಡಿಗನನ್ನು ಕಳೆದುಹೋದವನೆಂದು ಲೆಕ್ಕಕ್ಕೆ ಹಿಡಿಯುವುದು ಅವಸರದ ತೀರ್ಮಾನವಾದೀತು.

ಅಕ್ಕರೆಯ ಓದು ಏನನ್ನು ಬಿಡುತ್ತದೆಂಬುದಕ್ಕೆ ಇನ್ನೊಂದು ಉದಾಹರಣೆಯಿದೆ. ನಾನು ಮಾತನಾಡಿಸಿದ ಓದುಗರಲ್ಲಿ ಕಾತ್ಯಾಯನಿಯನ್ನು ಎಲ್ಲರೂ ನೆನೆದರು. ನಾಗಲಕ್ಷ್ಮಿಗಾಗಿ ಕೆಲವರು ಮರುಗಿದರು. ಕರುಣಾರತ್ನೆಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ನಾನೇ ನೆನಪಿಸಿದಾಗಲೂ ಸದಾಶಿವರಾಯರ ಸಂಸಾರ ಕೆಡಿಸಿದವಳೆಂದು ಗುರುತಿಸಿದರೇ ಹೊರತು ಬೇರೆ ಮಾತು ಬರಲಿಲ್ಲ. ಆಕೆ ಸಿಂಹಳದಿಂದ ಮೈಸೂರಿಗೆ ಬಂದು, ತನ್ನದಲ್ಲದ ಭಾಷೆಯ ಊರಿನಲ್ಲಿ ನೆಲೆಸಿ, ಇನ್ನೊಬ್ಬರ ಗ್ರಂಥಕ್ಕಾಗಿ ವರ್ಷಗಟ್ಟಲೆ ದುಡಿದವಳು. ಶ್ರೋತ್ರಿಯರ ಮನೆಯ ಅಂಗಳದಲ್ಲಿ ಅವಳಿಗೆ ಜಾಗವಿಲ್ಲ. ಮಾರ್ಕೆಟ್ ಯಾರ್ಡಿನ ಆ ಮನೆಗಳ ಹಿರಿಯರು ಪುಣೆಗೆ ಬಂದಿಳಿದ ದಿನಗಳ ಸ್ಥಿತಿಗೆ ಈ ಕಾದಂಬರಿಯಲ್ಲಿ ಅತ್ಯಂತ ಸಮೀಪವಾದ ಪಾತ್ರ ಅವಳದೇ.